ಹೊಗೆಗೊಂದು ಹೆಸರು

ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ರಾಮನಗರದ ಬೆಟ್ಟ ಹತ್ತೋಕೆ ಹೊರಟವರೆಲ್ಲ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲುತ್ತಾರೆ. ಅದಕ್ಕೂ ಮೊದಲು, ಕೆಂಗೇರಿ ದಾಟಿದ ಮೇಲೆ, ಮೈಸೂರು ರೋಡಿನ ಪಕ್ಕ ಕಂಬೀಪುರ ಅಂತ ಒಂದು ಊರು ಬರುತ್ತದೆ. ಅಲ್ಲಿ ಯಾರೂ ನಿಲ್ಲುವುದಿಲ್ಲ. ಆದರೆ ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕ ತನ್ನ ‘ವಿಸ್ಕಿ ಬೈಬಲ್’ ಪುಸ್ತಕದ 2010ರ ಆವೃತ್ತಿಯಲ್ಲಿ ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂತ ಬರೆದು, ನೂರಕ್ಕೆ 97 ಅಂಕ ಕೊಟ್ಟದ್ದು ಈ ಊರಲ್ಲಿ ತಯಾರಾದ ಬಾಟಲಿಗೆ. ಅದರ ಹೆಸರು ಅಮೃತ್ ಫ್ಯೂಷನ್.

ಈ ಅಂಕದ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಆಫೀಸಿನ ಪಾರ್ಟಿಗಳಲ್ಲಿ ‘ನಮ್ಮ ಬೆಂಗಳೂರಿನ ವಿಸ್ಕಿ’ ಅಂತ ಎದೆ ತಟ್ಟಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಕಥೆ ಇನ್ನೊಂದಿಲ್ಲ. ನನ್ನ ತಲೆಯಲ್ಲಿ ಕೂತಿರುವುದು ಮಾತ್ರ ಅಂಕ ಅಲ್ಲ, ಹೊಗೆ. ಫ್ಯೂಷನ್ ಕುಡಿದವರು ಮೊದಲು ಹೇಳುವ ಮಾತು ಅದರ ತೆಳುವಾದ ಹೊಗೆಯ ಬಗ್ಗೆ. ಆ ಹೊಗೆ ನಮ್ಮದಲ್ಲ. ಸ್ಕಾಟ್‌ಲೆಂಡಿನಲ್ಲಿ ಹೊಗೆ ಹಾಕಿದ ಬಾರ್ಲಿಯನ್ನು ಹಡಗಿನಲ್ಲಿ ತರಿಸಿ, ನಮ್ಮ ಉತ್ತರ ಭಾರತದ ಬಾರ್ಲಿಯ ಜೊತೆ ಸೇರಿಸಿ ಮಾಡಿದ್ದು ಅದು. ಪ್ರತಿ ಮನೆಯ ಒಲೆಯಲ್ಲೂ ಹೊಗೆ ಇದ್ದ ನಾಡು ಹೊಗೆಯನ್ನು ಆಮದು ಮಾಡಿಕೊಳ್ಳಬೇಕಾಯಿತಲ್ಲ, ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ರುಚಿಯ ಚರಿತ್ರೆ ಕಡಿಮೆ ಸಿಗುತ್ತದೆ, ಹೆಸರಿನ ಚರಿತ್ರೆ ಜಾಸ್ತಿ ಸಿಗುತ್ತದೆ.

ನಮ್ಮ ಕಡೆ ಹೊಗೆ ಅಂದರೆ ದೋಷ. ಮಾಗಡಿ ತಾಲ್ಲೂಕಿನ ನಮ್ಮೂರಲ್ಲಿ ಬೆರಣಿ ಹಾಕಿದ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಹಸಿ ಸೌದೆ ಸೇರಿ ಹಾಲಿಗೆ ಹೊಗೆ ಹಿಡಿದರೆ ಅಜ್ಜಿ ಅದನ್ನು ನೆಂಟರ ಮುಂದೆ ಇಡುತ್ತಿರಲಿಲ್ಲ, ನಮಗೆ ಕೊಡುತ್ತಿದ್ದರು. ಬೆಂಗಳೂರಿನ ಮಾತಿನಲ್ಲಂತೂ ‘ಹೊಗೆ’ ಅಂದರೆ ಕಥೆ ಮುಗೀತು ಅಂತಲೇ ಅರ್ಥ. ಪ್ರಾಜೆಕ್ಟ್ ಹೊಗೆ, ಅಪ್ರೈಸಲ್ ಹೊಗೆ. ಅದೇ ಹೊಗೆಗೆ ಜನ ಐದು ಸಾವಿರ, ಹತ್ತು ಸಾವಿರ ಕೊಟ್ಟು, ಗ್ಲಾಸಿಗೆ ಮೂಗಿಟ್ಟು, ಕಣ್ಣು ಮುಚ್ಚುತ್ತಾರೆ ಅಂದರೆ ನಡುವೆ ಏನೋ ನಡೆದಿರಬೇಕು.

ಮೊದಲು ಮಾಲ್ಟ್ ಅಂದರೇನು ಅಂತ ನೋಡಿಬಿಡೋಣ. ಮಾಗಡಿ, ಕನಕಪುರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ರಾಗಿ ಮಾಲ್ಟ್. ಮೊಳಕೆ ಒಡೆಯುವಾಗ ಕಾಳಿನೊಳಗಿನ ಕಿಣ್ವಗಳು ಎದ್ದು, ಪಿಷ್ಟವನ್ನು ಸಕ್ಕರೆ ಮಾಡೋಕೆ ತಯಾರಾಗುತ್ತವೆ. ಕೂಸಿಗೆ ಅದು ಸುಲಭವಾಗಿ ಜೀರ್ಣವಾಗುವುದು ಅದಕ್ಕೇ. ವಿಸ್ಕಿಯವರು ಇದೇ ಕೆಲಸವನ್ನು ಬಾರ್ಲಿಗೆ ಮಾಡುತ್ತಾರೆ. ಮೊಳಕೆಯನ್ನು ಸರಿಯಾದ ಹೊತ್ತಿಗೆ ಬಿಸಿ ಕೊಟ್ಟು ನಿಲ್ಲಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಸಕ್ಕರೆ ಬಿಡಿಸಿ, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ.

ಹೊಗೆ ಬರುವುದು ಮೊಳಕೆಗೆ ಬಿಸಿ ಕೊಡುವಾಗ. ಸ್ಕಾಟ್‌ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ, ಅದರಲ್ಲೂ ಐಲಾ ದ್ವೀಪದಲ್ಲಿ ಗಾಳಿ ಜಾಸ್ತಿ, ಮರ ಕಡಿಮೆ, ಕಲ್ಲಿದ್ದಲು ಇಲ್ಲವೇ ಇಲ್ಲ. ಇದ್ದದ್ದು ಪೀಟ್. ಜೌಗು ನೆಲದಲ್ಲಿ ಸತ್ತ ಪಾಚಿ, ಹುಲ್ಲು, ಗಿಡಗಳು ಗಾಳಿಯಾಡದೆ, ಪೂರ್ತಿ ಕೊಳೆಯಲೂ ಆಗದೆ ಒತ್ತಿಕೊಂಡು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷ ಹಿಂದಕ್ಕೆ ಹೋದ ಹಾಗೆ. ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕುತ್ತಿದ್ದರು. ನಮ್ಮ ಬೆರಣಿಯ ಹಾಗೇ, ಇದ್ದವರ ಉರುವಲಲ್ಲ, ಇಲ್ಲದವರ ಉರುವಲು. ಅದರ ಹೊಗೆಯಲ್ಲಿರುವ ಫಿನಾಲ್‌ಗಳು ಬಾರ್ಲಿಯ ಸಿಪ್ಪೆಗೆ ಹತ್ತಿ, ಭಟ್ಟಿಯನ್ನೂ ದಾಟಿ ಬಾಟಲಿಯವರೆಗೆ ಬರುತ್ತಿದ್ದವು.

1860ರ ದಶಕದಲ್ಲಿ ಸ್ಪೇ ನದಿಯ ಕಣಿವೆಗೆ ರೈಲು ಬಂತು. ರೈಲಿನ ಜೊತೆ ಕಲ್ಲಿದ್ದಲು, ಕೋಕ್ ಬಂತು. ಆ ಕಡೆಯ ಭಟ್ಟಿಗಳು ನಿಧಾನಕ್ಕೆ ಪೀಟ್ ಕಡಿಮೆ ಮಾಡಿದವು, ಅವರ ವಿಸ್ಕಿ ಮೆತ್ತಗಾಯಿತು. ದ್ವೀಪದವರಿಗೆ ರೈಲಿಲ್ಲ, ಹಾಗಾಗಿ ಅವರ ಹೊಗೆ ಉಳಿಯಿತು. ಅಂದರೆ ಇವತ್ತು ನಾವು ‘ಸ್ಮೋಕಿ’ ಅಂತ ಹೊಗಳುವ ರುಚಿ ಶುರುವಾದದ್ದು ರೈಲು ಬರದ ಊರಿನ ಬಡತನವಾಗಿ. ಅದನ್ನು ಪರಂಪರೆ ಅಂತ ಕರೆದದ್ದು ಆಮೇಲೆ.

ಬಡತನ ಪರಂಪರೆ ಆಗೋದು ತಾನಾಗಿ ಅಲ್ಲ. ಅದರ ಹಿಂದೆ ಕಾನೂನು ಇರುತ್ತದೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಸ್ಕಾಟ್‌ಲೆಂಡಿನ ಬೆಟ್ಟಗಳ ತುಂಬ ಕಳ್ಳಭಟ್ಟಿ. ಸುಂಕ ಕಟ್ಟೋರು ಇಲ್ಲ, ಹಿಡಿಯೋಕೆ ಹೋದ ಅಧಿಕಾರಿಗಳಿಗೆ ಉಳಿಗಾಲ ಇಲ್ಲ. 1823ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಜಾಣ ಕೆಲಸ ಮಾಡಿತು. ಸುಂಕ ಇಳಿಸಿ, ವರ್ಷಕ್ಕೆ ಹತ್ತು ಪೌಂಡ್ ಕಟ್ಟಿದರೆ ಲೈಸೆನ್ಸ್ ಅಂತ ಕಾಯ್ದೆ ತಂದಿತು. ಮರುವರ್ಷವೇ ಗ್ಲೆನ್‌ಲಿವೆಟ್‌ನ ಜಾರ್ಜ್ ಸ್ಮಿತ್ ಲೈಸೆನ್ಸ್ ತಗೊಂಡ. ನಿನ್ನೆಯವರೆಗೆ ಕಳ್ಳಭಟ್ಟಿ ನಡೆಸುತ್ತಿದ್ದ ಕಣಿವೆಗಳು ಕ್ರಮೇಣ ಕಂಪನಿಗಳ ಊರಾದವು. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಡೆಯ ಕಥೆಗೆ ಬಂದಾಗ ಬೇಕಾಗುತ್ತದೆ.

ಆಮೇಲೆ ಬೆರೆಸುವ ಕಾಲ ಬಂತು. 1853ರಲ್ಲಿ ಎಡಿನ್‌ಬರೋದ ಆ್ಯಂಡ್ರೂ ಅಷರ್ ಬೇರೆ ಬೇರೆ ವಯಸ್ಸಿನ ಗ್ಲೆನ್‌ಲಿವೆಟ್ ಮಾಲ್ಟ್‌ಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿ ಮಾರಿದ. ಇಂಗ್ಲಿಷಿನಲ್ಲಿ ಆ ತೊಟ್ಟಿಗೆ ವ್ಯಾಟ್ ಅನ್ನುತ್ತಾರೆ, ಹಾಗಾಗಿ ಅದು ‘ವ್ಯಾಟೆಡ್’ ಮಾಲ್ಟ್. 1860ರಲ್ಲಿ ಕಾಯ್ದೆ ಬದಲಾಗಿ, ಮಾಲ್ಟ್‌ಗೆ ಅಗ್ಗದ ಗ್ರೇನ್ ವಿಸ್ಕಿ ಬೆರೆಸೋಕೂ ದಾರಿ ಸಿಕ್ಕಿತು. ಹಿಂದಿ ಸಿನಿಮಾದ ವಿಲನ್‌ಗಳ ಕೈಯಲ್ಲಿ ನೋಡಿದ್ದೀರಲ್ಲ, ವ್ಯಾಟ್ 69, ಅದು ಹುಟ್ಟಿದ್ದು ಹೀಗೆ. ವಿಲಿಯಂ ಸ್ಯಾಂಡರ್ಸನ್ 1882ರಲ್ಲಿ ನೂರು ಬಗೆಯ ಬೆರಕೆ ಮಾಡಿಸಿ, ಗೊತ್ತಿದ್ದವರನ್ನು ಕರೆದು ರುಚಿ ನೋಡಿಸಿದ. ಎಲ್ಲರೂ ಒಪ್ಪಿದ್ದು 69ನೇ ತೊಟ್ಟಿ. ಅದೇ ಹೆಸರಾಯಿತು.

ಈಗ ಲೆಕ್ಕ ಸ್ಪಷ್ಟ ಮಾಡಿಕೊಳ್ಳೋಣ. ಒಂದೇ ಡಿಸ್ಟಿಲರಿಯ ಬಾರ್ಲಿ ಮಾಲ್ಟ್ ಆದರೆ ಸಿಂಗಲ್ ಮಾಲ್ಟ್. ಹಲವು ಡಿಸ್ಟಿಲರಿಗಳ ಮಾಲ್ಟ್‌ಗಳನ್ನಷ್ಟೇ ಬೆರೆಸಿದರೆ ವ್ಯಾಟೆಡ್ ಮಾಲ್ಟ್, ಈಗಿನ ಹೆಸರಲ್ಲಿ ಬ್ಲೆಂಡೆಡ್ ಮಾಲ್ಟ್. ಅದಕ್ಕೆ ಗ್ರೇನ್ ವಿಸ್ಕಿಯೂ ಸೇರಿದರೆ ಬ್ಲೆಂಡೆಡ್ ಸ್ಕಾಚ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಎಷ್ಟು ಜಗಳ ಆಗಬಹುದು ಅಂತೀರಾ? 2003ರಲ್ಲಿ ಡಿಯಾಜಿಯೊ ಕಂಪನಿಯ ಕಾರ್ಡೂ ಎಂಬ ಸಿಂಗಲ್ ಮಾಲ್ಟ್‌ಗೆ ಬೇಡಿಕೆ ಜಾಸ್ತಿಯಾಗಿ ಮಾಲು ಸಾಲದಾಯಿತು. ಕಂಪನಿ ಬೇರೆ ಡಿಸ್ಟಿಲರಿಗಳ ಮಾಲ್ಟ್ ಬೆರೆಸಿ, ಹೆಚ್ಚು ಕಡಿಮೆ ಅದೇ ಬಾಟಲಿಯಲ್ಲಿ, ‘ಸಿಂಗಲ್’ ತೆಗೆದು ‘ಪ್ಯೂರ್’ ಅಂತ ಹಾಕಿ ಮಾರಿತು. ಉಳಿದ ಕಂಪನಿಗಳು ತಿರುಗಿಬಿದ್ದವು. ಹೆಸರು ಹಳೆಯದು, ಒಳಗಿರೋದು ಹೊಸದು, ಇದು ಗ್ರಾಹಕನಿಗೆ ಮೋಸ ಅಂತ ದೊಡ್ಡ ಗಲಾಟೆ. 2004ರಲ್ಲಿ ಕಂಪನಿ ಅದನ್ನು ವಾಪಸ್ ತಗೊಂಡಿತು. 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲಿ ಯಾವುದಕ್ಕೆ ಯಾವ ಹೆಸರು ಅಂತ ಖಡಾಖಂಡಿತ ಬರೆದಿಟ್ಟರು.

ಈ ನಿಯಮಗಳ ಒಳಗೇ ಇದ್ದು ಜಗಳ ಆಡಿದವನೊಬ್ಬ ಇದ್ದಾನೆ. ಜಾನ್ ಗ್ಲೇಸರ್, ಅಮೆರಿಕದವನು. ಜಾನಿ ವಾಕರ್‌ನ ಮಾರ್ಕೆಟಿಂಗ್ ಕೆಲಸ ಬಿಟ್ಟು 2000ದಲ್ಲಿ ಕಂಪಾಸ್ ಬಾಕ್ಸ್ ಅಂತ ಸಣ್ಣ ಕಂಪನಿ ಮಾಡಿದ. ಅವನಿಗೆ ಸ್ವಂತ ಭಟ್ಟಿ ಇರಲಿಲ್ಲ. ಬೇರೆಯವರ ಪೀಪಾಯಿ ಕೊಂಡು ಬೆರೆಸುವುದೇ ಕಸುಬು. ‘ದಿ ಪೀಟ್ ಮಾನ್‌ಸ್ಟರ್’ ಅನ್ನುವ ಅವನ ಬ್ಲೆಂಡೆಡ್ ಮಾಲ್ಟ್ ಹೆಸರಲ್ಲೇ ಹೊಗೆಯ ರಾಕ್ಷಸ. 2005ರಲ್ಲಿ ಅವನು ಪೀಪಾಯಿಯ ಒಳಗೆ ಫ್ರೆಂಚ್ ಓಕ್‌ನ ಹಲಗೆ ಕೂರಿಸಿ ‘ಸ್ಪೈಸ್ ಟ್ರೀ’ ಮಾಡಿದಾಗ ಸ್ಕಾಚ್ ವಿಸ್ಕಿ ಅಸೋಸಿಯೇಷನ್ನು ಇದು ಸಂಪ್ರದಾಯವಲ್ಲ ಅಂತ ತಡೆಯಿತು. 2009ರಲ್ಲಿ ಪೀಪಾಯಿಯ ಮುಚ್ಚಳದ ಹಲಗೆಗಳನ್ನು ಬದಲಿಸಿ, ನಿಯಮದೊಳಗೇ ದಾರಿ ಹುಡುಕಿಕೊಂಡು ಅದನ್ನು ಮತ್ತೆ ತಂದ. 2016ರಲ್ಲಿ ಇನ್ನೊಂದು ಜಗಳ. ಬಾಟಲಿಯೊಳಗೆ ಬೆರೆಸಿದ ಪ್ರತಿಯೊಂದು ವಿಸ್ಕಿಯ ವಯಸ್ಸನ್ನೂ ನಾನು ಹೇಳುತ್ತೇನೆ ಅಂದ. ಕಾನೂನು, ಎಲ್ಲಕ್ಕಿಂತ ಎಳೆಯದರ ವಯಸ್ಸನ್ನು ಮಾತ್ರ ಹೇಳು ಅಂದಿತು. ಸಾಫ್ಟ್‌ವೇರ್‌ನವನಾಗಿ ನನಗೆ ಇದು ಓಪನ್ ಸೋರ್ಸ್ ಜಗಳದ ಹಾಗೇ ಕಾಣುತ್ತದೆ. ಗಮನಿಸಬೇಕಾದ್ದು ಏನೆಂದರೆ, ಜಗಳ ಮಾಡಿದ ಎರಡೂ ಕಡೆಯವರ ಪ್ರಶ್ನೆ ಒಂದೇ: ಬಾಟಲಿಯೊಳಗೆ ಏನಿದೆ, ಅದನ್ನು ಹೇಳುವ ಹಕ್ಕು ಯಾರದು?

ಈಗ ಕಂಬೀಪುರಕ್ಕೆ ಬರೋಣ. ರಾಧಾಕೃಷ್ಣ ಜಗದಾಳೆ ಅವರು ಬೆಂಗಳೂರಿನಲ್ಲಿ ಅಮೃತ್ ಕಂಪನಿ ಶುರು ಮಾಡಿದ್ದು 1948ರಲ್ಲಿ. ಸೈನ್ಯದ ಕ್ಯಾಂಟೀನ್‌ಗಳಿಗೆ ರಮ್ಮು, ಅಂಗಡಿಗಳಿಗೆ ಬ್ರಾಂದಿ, ವಿಸ್ಕಿ. ಆ ಕಾಲದ ನಮ್ಮ ದೇಶದ ವಿಸ್ಕಿಯ ಬಹುಪಾಲು ಕಾಕಂಬಿಯದು, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ್ದು. ನಮ್ಮಲ್ಲಿ ಅದನ್ನು ವಿಸ್ಕಿ ಅನ್ನಬಹುದು. ಯುರೋಪಿನಲ್ಲಿ ಅನ್ನೋ ಹಾಗಿಲ್ಲ. ಅಲ್ಲಿ ವಿಸ್ಕಿ ಅಂದರೆ ಧಾನ್ಯದ್ದೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕು. ಭಾರತದಲ್ಲಿ ಕೋಟಿಗಟ್ಟಲೆ ಪೆಟ್ಟಿಗೆ ಮಾರುವ ಬ್ರಾಂಡುಗಳು ಅಲ್ಲಿ ವಿಸ್ಕಿ ಅನ್ನೋ ಪದವನ್ನೇ ಹಾಕಿಕೊಳ್ಳೋಕಾಗಲ್ಲ.

1976ರಲ್ಲಿ ಕಂಪನಿ ಮಗ ನೀಲಕಂಠ ರಾವ್ ಜಗದಾಳೆ ಅವರ ಕೈಗೆ ಬಂತು. 1980ರ ದಶಕದಲ್ಲಿ ಬಾರ್ಲಿ ಮಾಲ್ಟ್ ಭಟ್ಟಿ ಇಳಿಸೋಕೆ ಶುರು ಮಾಡಿದರು. ಆದರೆ ಅದನ್ನು ಹಾಗೇ ಮಾರಲಿಲ್ಲ, ಬೇರೆ ಸ್ಪಿರಿಟ್‌ಗೆ ಬೆರೆಸಿ ರುಚಿ ಕೊಡೋಕೆ ಬಳಸಿದರು. ಪೀಪಾಯಿಗಳಲ್ಲಿ ಉಳಿದ ಮಾಲ್ಟ್ ಬೆಂಗಳೂರಿನ ಹವೆಯಲ್ಲಿ ಬೇಗ ಹಣ್ಣಾಗುತ್ತಿತ್ತು. 2000ದ ಆಸುಪಾಸಿನಲ್ಲಿ ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಭಾರತದ ಮಾಲ್ಟ್ ವಿಸ್ಕಿಯನ್ನು ಬ್ರಿಟನ್ನಿನ ಇಂಡಿಯನ್ ಹೋಟೆಲುಗಳಲ್ಲಿ ಮಾರಬಹುದಾ ಅನ್ನೋದೇ ಅವರ ಪ್ರಾಜೆಕ್ಟ್. ಹೆಸರು ಮುಚ್ಚಿಟ್ಟು ಸ್ಕಾಟ್‌ಲೆಂಡಿನವರಿಗೇ ಕುಡಿಸಿ ನೋಡಿದರೆ, ಅವರು ಇದು ಸ್ಪೇ ಕಣಿವೆಯ ಹತ್ತು ಹನ್ನೆರಡು ವರ್ಷದ ಮಾಲ್ಟ್ ಇರಬೇಕು ಅಂದರಂತೆ. 2004ರ ಆಗಸ್ಟ್ 24ರಂದು ಗ್ಲಾಸ್ಗೋದ ಕೆಫೆ ಇಂಡಿಯಾ ಹೋಟೆಲಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಕೊಳ್ಳೆಗಾಲಕ್ಕೆ ಹೋಗಿ ಮಂತ್ರ ಹೇಳಿಕೊಡೋ ಧೈರ್ಯ ಅದು! ಮೊದಲ ಕೆಲವು ವರ್ಷ ವ್ಯಾಪಾರ ಕುಂಟುತ್ತಲೇ ಇತ್ತು. ಭಾರತದ ವಿಸ್ಕಿ ಅಂದರೆ ಕಾಕಂಬಿ ಅನ್ನೋ ಹೆಸರು ಅಂಟಿಕೊಂಡಿತ್ತಲ್ಲ, ಅದನ್ನು ತೊಳೆಯೋದು ಅಷ್ಟು ಸುಲಭವಲ್ಲ.

ಫ್ಯೂಷನ್ ಬಂದದ್ದು 2009ರಲ್ಲಿ. ಸುಮಾರು ಮುಕ್ಕಾಲು ಪಾಲು ಹೊಗೆ ಇಲ್ಲದ ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್‌ಲೆಂಡಿನ ಪೀಟ್ ಹೊಗೆಯ ಬಾರ್ಲಿ. ಎರಡನ್ನೂ ಬೇರೆ ಬೇರೆಯಾಗಿ ಭಟ್ಟಿ ಇಳಿಸಿ, ಬೇರೆ ಬೇರೆ ಪೀಪಾಯಿಯಲ್ಲಿ ಬೆಳೆಸಿ, ಕೊನೆಗೆ ಬೆರೆಸಿ ಮತ್ತೆ ಕೆಲವು ತಿಂಗಳು ಪೀಪಾಯಿಯಲ್ಲೇ ಇಟ್ಟು, 50 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಬಾಟಲಿಗೆ ತುಂಬುತ್ತಾರೆ. ಎರಡೂ ಒಂದೇ ಡಿಸ್ಟಿಲರಿಯಲ್ಲಿ ಇಳಿದದ್ದರಿಂದ ಕಾನೂನಿನ ಕಣ್ಣಿಗೆ ಇದು ಸಿಂಗಲ್ ಮಾಲ್ಟ್. ಆದರೆ ಮನಸ್ಸಿನಲ್ಲಿ ಇದು ಬೆರಕೆ, ಎರಡು ದೇಶದ ಮಾಲ್ಟ್‌ಗಳ ಬೆರಕೆ. ‘ಬ್ಲೆಂಡೆಡ್’ ಅಂತ ಹೇಳಲಾಗದ್ದನ್ನು ‘ಫ್ಯೂಷನ್’ ಅಂತ ಹೇಳಿದರು. ಚೆನ್ನಪಟ್ಟಣದ ಬೊಂಬೆಯನ್ನು ನೆನಪಿಸಿಕೊಳ್ಳಿ. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂದವರು ಕಲಿಸಿದ ಕಸುಬು ಅಂತ ಹೇಳುತ್ತಾರೆ, ಆದರೆ ಮರ ನಮ್ಮ ಆಲೆ ಮರ, ಕೈ ನಮ್ಮ ಕೈ. ಯಾರೂ ಅದನ್ನು ಪರ್ಷಿಯಾದ ಬೊಂಬೆ ಅನ್ನಲ್ಲ.

ಬೆಂಗಳೂರು ಈ ವಿಸ್ಕಿಗೆ ಕೊಟ್ಟದ್ದು ಬಾರ್ಲಿಯಲ್ಲ, ಹೊಗೆಯೂ ಅಲ್ಲ, ಹವೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ, ಆದರೂ ಸ್ಕಾಟ್‌ಲೆಂಡಿನ ಲೆಕ್ಕದಲ್ಲಿ ವರ್ಷವಿಡೀ ಬೇಸಿಗೆ. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿರುವುದು ಆವಿಯಾಗಿ ಹೋಗುತ್ತದೆ. ಹಾಗೆ ಹೋಗುವುದಕ್ಕೆ ಅಲ್ಲಿಯವರು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್‌ಲೆಂಡಿನ ದೇವತೆಗಳು ವರ್ಷಕ್ಕೆ ಸುಮಾರು ಎರಡು ಪರ್ಸೆಂಟಿಗೆ ತೃಪ್ತರು. ನಮ್ಮವರಿಗೆ ಹತ್ತರಿಂದ ಹನ್ನೆರಡು ಬೇಕು. ಚಕ್ರಬಡ್ಡಿಯ ಲೆಕ್ಕ ಹಾಕಿ ನೋಡಿದೆ. 200 ಲೀಟರಿನ ಪೀಪಾಯಿ, ವರ್ಷಕ್ಕೆ 11 ಪರ್ಸೆಂಟ್ ನಷ್ಟ ಅಂತಿಟ್ಟುಕೊಂಡರೆ ನಾಲ್ಕು ವರ್ಷಕ್ಕೆ ಉಳಿಯೋದು ಸುಮಾರು 125 ಲೀಟರ್, ಎಂಟು ವರ್ಷಕ್ಕೆ 79, ಹನ್ನೆರಡು ವರ್ಷಕ್ಕೆ 49. ಸ್ಕಾಟ್‌ಲೆಂಡಿನಲ್ಲಿ ಹನ್ನೆರಡು ವರ್ಷದ ಮೇಲೂ 157 ಲೀಟರ್ ಇರುತ್ತದೆ. ಇದನ್ನು ನಷ್ಟ ಅಂತ ನೋಡಿದರೆ ಅಂಗಡಿ ಮುಚ್ಚಬೇಕು. ಇವರು ಅದನ್ನೇ ಬಂಡವಾಳ ಮಾಡಿಕೊಂಡರು. ನಮ್ಮಲ್ಲಿ ನಾಲ್ಕೈದು ವರ್ಷಕ್ಕೇ ಹಣ್ಣಾಗುತ್ತದೆ, ವಯಸ್ಸು ಕೇಳಬೇಡಿ, ರುಚಿ ನೋಡಿ ಅಂದರು. 2013ರಲ್ಲಿ ಎಂಟು ವರ್ಷದ ವಿಸ್ಕಿ ತಂದಾಗ ಅದಕ್ಕಿಟ್ಟ ಹೆಸರು ‘ಗ್ರೀಡಿ ಏಂಜಲ್ಸ್’, ದುರಾಸೆಯ ದೇವತೆಗಳು. ಐಲಾದವರು ಉರುವಲಿನ ಬಡತನಕ್ಕೆ ಮಾಡಿದ್ದನ್ನೇ ಇವರು ಬೆಂಗಳೂರಿನ ಬಿಸಿಲಿಗೆ ಮಾಡಿದರು. ದೋಷಕ್ಕೆ ಹೆಸರಿಟ್ಟರು.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಹೆಮ್ಮೆಯ ಲೇಖನ ಆಗುತ್ತದೆ. ಆದರೆ ಅದೇ ಮೈಸೂರು ರೋಡಿನಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಚರಿತ್ರೆಯೂ ನಡೆಯಿತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಮುಖ್ಯಮಂತ್ರಿ ರಾಮನಗರದಿಂದಲೇ ಗೆದ್ದಿದ್ದ ಎಚ್.ಡಿ. ಕುಮಾರಸ್ವಾಮಿ. ಮರುತಿಂಗಳು, ಆಗಸ್ಟ್‌ನಲ್ಲಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕು ಸೇರಿ ಹೊಸ ಜಿಲ್ಲೆಯಾಯಿತು. ಅಂದರೆ ನಮ್ಮ ಜಿಲ್ಲೆ ಹುಟ್ಟಿದ್ದೇ ಸಾರಾಯಿ ಸತ್ತ ಮೇಲೆ.

ಆ ನಿಷೇಧ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಟವಾಡೆ ದಿನ ಸಂಜೆ ಸಾರಾಯಿ ಅಂಗಡಿಯ ದಾರಿಯಲ್ಲಿ ಹೆಂಗಸರು ನಿಂತಿರುತ್ತಿದ್ದರು. ಗಂಡ ಅಂಗಡಿ ಮುಟ್ಟೋಕೆ ಮುಂಚೆ ಕೂಲಿ ದುಡ್ಡು ಇಸಕೊಳ್ಳಬೇಕು. ಇಸಕೊಂಡರೆ ಆ ವಾರ ರಾಗಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಪಾಕೀಟು. ವಿಸ್ಕಿಯ ಪರಂಪರೆ ಬಗ್ಗೆ ಮಾತಾಡುವಾಗ ಆ ಹೆಂಗಸರನ್ನು ಪಕ್ಕಕ್ಕೆ ಸರಿಸಿ ಮಾತಾಡೋದು ನನ್ನಿಂದ ಆಗಲ್ಲ.

ಆದರೆ ಆ ಪಾಕೀಟಿನಲ್ಲಿ ಇದ್ದದ್ದು ಏನು? ಹಳೆಯ ಭಟ್ಟಿ ಸಾರಾಯಿ ಬೆಲ್ಲದ್ದು. ಬೆಲ್ಲದ ನೀರಿಗೆ ಬಿಳಿಜಾಲಿಯ ಚಕ್ಕೆ ಹಾಕಿ, ಹುಳಿ ಬರಿಸಿ, ಮಡಕೆಯಲ್ಲಿ ಇಳಿಸುತ್ತಿದ್ದರು. ಈ ಚಕ್ಕೆಯ ಬಳಕೆ ಎಷ್ಟು ಹಳೆಯದೆಂದರೆ ಇಂಗ್ಲಿಷಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಬಿಳಿಜಾಲಿಗೆ ಭಟ್ಟಿಯವರ ಜಾಲಿ ಅನ್ನೋ ಅರ್ಥದ ಹೆಸರೇ ಇದೆ. ಬ್ರಿಟಿಷರ ಕಾಲದ ಅಬಕಾರಿ ಪದ್ಧತಿ ಈ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ, ಸುಂಕ ವಸೂಲಿಗೆ ಸುಲಭವಾಗುವ ಹಾಗೆ ದೊಡ್ಡ ಡಿಸ್ಟಿಲರಿಗಳಿಗೆ ಕೆಲಸ ಒಪ್ಪಿಸಿತು, ಮಾರುವ ಹಕ್ಕನ್ನು ಹರಾಜಿಗಿಟ್ಟಿತು. 1823 ನೆನಪಿದೆಯಲ್ಲ? ಸ್ಕಾಟ್‌ಲೆಂಡಿನ ಕಳ್ಳಭಟ್ಟಿಯವನಿಗೆ ಹತ್ತು ಪೌಂಡಿನ ಲೈಸೆನ್ಸ್ ಕೊಟ್ಟ ಅದೇ ಸಾಮ್ರಾಜ್ಯ ನಮ್ಮ ಹಳ್ಳಿಯ ಭಟ್ಟಿಯವನಿಗೆ ಬೀಗ ಹಾಕಿತು. ಅವನು ಕಳ್ಳನಾಗಿಯೇ ಉಳಿದ.

ಸ್ವಾತಂತ್ರ್ಯ ಹೋರಾಟವೂ ಈ ಕಡೆ ಕರುಣೆ ತೋರಿಸಲಿಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯೋದೇ ಸತ್ಯಾಗ್ರಹವಾಗಿತ್ತು. ಹೆಂಡದಿಂದ ಸರ್ಕಾರಕ್ಕೆ ಬರುತ್ತಿದ್ದ ಹಣ ನಿಲ್ಲಿಸಬೇಕು, ಮನೆಗಳೂ ಉಳಿಯಬೇಕು. ಅದರ ನ್ಯಾಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಕಡೆಯಿಂದ ಸುಂಕದವರು, ಇನ್ನೊಂದು ಕಡೆಯಿಂದ ಸುಧಾರಕರು, ನಡುವೆ ಆ ಕಸುಬಿನ ಪರವಾಗಿ ಒಂದು ಅಳತೆ, ಒಂದು ನಿಯಮ ಬರೆದಿಡೋರು ಯಾರೂ ಇರಲಿಲ್ಲ.

ಹೀಗಾಗಿ ನನ್ನ ಕಾಲಕ್ಕೆ ಬರೋ ಹೊತ್ತಿಗೆ ಸಾರಾಯಿ ಅನ್ನೋ ಹೆಸರು ಮಾತ್ರ ಉಳಿದು, ಒಳಗಿರೋದು ಪೂರ್ತಿ ಬದಲಾಗಿತ್ತು. ಪಾಕೀಟಿನಲ್ಲಿ ಇದ್ದದ್ದು ಕಾರ್ಖಾನೆಯ ಕಾಕಂಬಿಯ ಸ್ಪಿರಿಟ್‌ಗೆ ನೀರು ಸೇರಿಸಿದ್ದು. ಬೆಲ್ಲವಿಲ್ಲ, ಬಿಳಿಜಾಲಿಯಿಲ್ಲ, ಮಡಕೆಯೂ ಇಲ್ಲ. ಕಾರ್ಡೂ ಬಾಟಲಿಯಲ್ಲಿ ಮಾಲ್ಟ್ ಬದಲಾಯಿತು ಅಂತ ಒಂದೇ ವರ್ಷದಲ್ಲಿ ಇಡೀ ಸ್ಕಾಟ್‌ಲೆಂಡ್ ಎದ್ದು ಕೂತಿತು. ಸಾರಾಯಿಯ ಒಳಗಿನದು ಬದಲಾದಾಗ ಯಾರೂ ಕೇಳಲಿಲ್ಲ. ಕೇಳೋಕೆ ಅದಕ್ಕೊಂದು ವ್ಯಾಖ್ಯೆಯೇ ಇರಲಿಲ್ಲವಲ್ಲ. ಕುಡಿಯೋರು ಯಾರು ಅಂತ ನೋಡಿದರೆ ಯಾಕೆ ಇರಲಿಲ್ಲ ಅನ್ನೋದೂ ಗೊತ್ತಾಗುತ್ತದೆ.

ಹೆಸರಿಗೆ ಒಂದು ನಿಯಮ ಇರೋದು ಶ್ರೀಮಂತರ ಶೋಕಿ ಅಂತ ಅನ್ನಿಸಬಹುದು. ಅಲ್ಲ, ಅದು ಪ್ರಾಣದ ಪ್ರಶ್ನೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ನಿಷೇಧ ಆಗಿ ಒಂದು ವರ್ಷವೂ ತುಂಬುವ ಮೊದಲು, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಹೋದರು. ಮೆಥನಾಲ್ ವಾಸನೆಯಿಂದ ಗೊತ್ತಾಗೋದಿಲ್ಲ. ಕುಡಿದವನು ಕಣ್ಣು ಮಂಜಾಗಿ, ಮಾರನೇ ದಿನ ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿರುತ್ತದೆ. ಗ್ಲೇಸರ್ ಲಂಡನ್ನಿನಲ್ಲಿ ಕೂತು ‘ಬಾಟಲಿಯೊಳಗೆ ಏನಿದೆ ಅಂತ ಹೇಳೋಕೆ ಬಿಡಿ’ ಅಂತ ಹಟ ಹಿಡಿದನಲ್ಲ, ಆ ಪ್ರಶ್ನೆಯನ್ನು ಆನೇಕಲ್ಲಿನ ಕೂಲಿಯವನು ಕೇಳೋ ಹಾಗಿದ್ದಿದ್ದರೆ ಬದುಕುತ್ತಿದ್ದ.

ಇನ್ನು ಸಾರಾಯಿ ಹೋದ ಮೇಲೆ ಕುಡಿತ ಹೋಯಿತಾ? ಪಾಕೀಟು ಹೋಗಿ ಪುಟ್ಟ ಟೆಟ್ರಾ ಪ್ಯಾಕ್ ಬಂತು. ಅದರ ಮೇಲೆ ವಿಸ್ಕಿ ಅಂತ ಬರೆದಿರುತ್ತದೆ. ಒಳಗೆ ಬಹುಮಟ್ಟಿಗೆ ಅದೇ ಸ್ಪಿರಿಟ್, ಸ್ವಲ್ಪ ಬಣ್ಣ, ಸ್ವಲ್ಪ ಪರಿಮಳ. ಬಡವನ ಕುಡಿತಕ್ಕೂ ಕೊನೆಗೆ ಇಂಗ್ಲಿಷ್ ಹೆಸರು ಸಿಕ್ಕಿತು. ಬೀದಿ ಕೊನೆಯಲ್ಲಿ ನಿಂತ ಹೆಂಗಸರಿಗೆ ಸಿಕ್ಕಿದ್ದು ಎಷ್ಟು ಅಂತ ನಮ್ಮೂರಿಗೆ ಹೋದಾಗಲೆಲ್ಲ ನೋಡುತ್ತಿರುತ್ತೇನೆ. ಲೆಕ್ಕ ಪೂರ್ತಿ ಸೊನ್ನೆಯಲ್ಲ, ಆದರೆ ಹೇಳಿಕೊಳ್ಳುವಷ್ಟೂ ಇಲ್ಲ.

ಹೆಸರಿನ ಮಹಿಮೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ. ಊರಿನ ಹೆಸರು ಹೋದರೂ ಇಲ್ಲಿನ ಬಂಡೆಗೆ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಅನ್ನುತ್ತಾರೆ. ‘ಶೋಲೆ’ಯಲ್ಲಿ ಅದೇ ಬಂಡೆಗಳ ಊರು ರಾಮಗಢ ಆಯಿತು, ಧರ್ಮೇಂದ್ರ ಕುಡಿದು ನೀರಿನ ಟ್ಯಾಂಕ್ ಹತ್ತಿದ್ದೂ ಇಲ್ಲೇ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯಿತು. ಬೆಂಗಳೂರು ಅಂದರೆ ಜಮೀನಿಗೆ ಬೆಲೆ, ಬಂಡವಾಳ ಬರುತ್ತದೆ ಅನ್ನೋ ಲೆಕ್ಕ. ಬಂಡೆ ಅದೇ, ರಾಗಿ ಅದೇ, ಲೇಬಲ್ ಹೊಸದು. ಕಾರ್ಡೂ ನೆನಪಾಗುತ್ತದೆ. ಅದೇ ಜಿಲ್ಲೆಯ ಚನ್ನಪಟ್ಟಣದ ಬೊಂಬೆಗಳಿಗೆ ಜಿಐ ಟ್ಯಾಗ್ ಇದೆ. ಗೋವಾದವರು 2009ರಲ್ಲಿ ತಮ್ಮ ಗೋಡಂಬಿ ಹಣ್ಣಿನ ಫೆನಿಗೆ ಅದೇ ಟ್ಯಾಗ್ ತಗೊಂಡರು, 2016ರಲ್ಲಿ ಅದನ್ನು ರಾಜ್ಯದ ಪಾರಂಪರಿಕ ಪಾನೀಯ ಅಂದರು. ಮಡಕೆಯಲ್ಲಿ ಇಳಿಸುತ್ತಿದ್ದ ಹಳ್ಳಿಯ ಕುಡಿತಕ್ಕೂ ಒಂದು ನಿಯಮ, ಒಂದು ಹೆಸರು ಸಾಧ್ಯ ಅಂತ ಪಕ್ಕದ ರಾಜ್ಯ ತೋರಿಸಿದೆ.

ನೀಲಕಂಠ ಜಗದಾಳೆ ಅವರು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಕಂಪನಿ ಈಗ ಇನ್ನೊಂದು ಬಾಟಲಿ ತಂದಿದೆ, ಪೂರ್ತಿ ಬೆಲ್ಲದಿಂದಲೇ ಮಾಡಿದ ರಮ್. ಅದಕ್ಕಿಟ್ಟ ಹೆಸರು ಅಚ್ಚ ಕನ್ನಡದ್ದು: ಬೆಲ್ಲ. ನನಗೆ ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ಬೆಲ್ಲದ ನೀರನ್ನು ಹುಳಿ ಬರಿಸಿ ಭಟ್ಟಿ ಇಳಿಸೋದು ನಮ್ಮ ಕಡೆಯ ಹಿರಿಯರು ಜೈಲಿಗೆ ಹೋದ ಅಪರಾಧ. ಈಗ ಅದು ಓಕ್ ಪೀಪಾಯಿಯಲ್ಲಿ ಮಲಗಿ, ಪೆಟ್ಟಿಗೆಯಲ್ಲಿ ಕೂತು, ಡ್ಯೂಟಿ ಫ್ರೀ ಅಂಗಡಿಯ ಮಟ್ಟಕ್ಕೆ ಏರಿದೆ. ದಾರಿ ತೆರೆದಿದೆ ಅನ್ನೋದು ಒಳ್ಳೆಯದೇ. ಆದರೆ ಅಲ್ಲಿಗೆ ಹೋಗೋಕೆ ಬಂಡವಾಳ ಬೇಕು, ವರ್ಷಗಟ್ಟಲೆ ಕಾಯುವ ಶಕ್ತಿ ಬೇಕು. ಬೆಲ್ಲ ಹೆಸರಾಯಿತು, ಬಿಳಿಜಾಲಿ ಇನ್ನೂ ಆಗಿಲ್ಲ.

2025ರ ಜುಲೈನಲ್ಲಿ ಬ್ರಿಟನ್ ಜೊತೆ ಆದ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಸುಂಕ 150 ಪರ್ಸೆಂಟಿನಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಐಲಾದ ಹೊಗೆ ಇನ್ನೂ ಅಗ್ಗವಾಗಲಿದೆ, ನಮ್ಮ ಗ್ಲಾಸುಗಳಲ್ಲಿ ಇನ್ನೂ ಜಾಸ್ತಿಯಾಗಲಿದೆ. ಕುಡಿಯೋರಿಗೆ ನನ್ನದೊಂದೇ ಮಾತು. ಗ್ಲಾಸು ಎತ್ತೋ ಮುಂಚೆ ಬಾಟಲಿಯ ಹಿಂದಿನ ಲೇಬಲ್ ಓದಿ. ಯಾವ ಧಾನ್ಯ, ಎಲ್ಲಿ ಇಳಿಸಿದ್ದು, ಕೆಲವು ಸಲ ಎಷ್ಟು ವರ್ಷ ಮಲಗಿದ್ದು ಅಂತಲೂ ಅಲ್ಲಿರುತ್ತದೆ. ಅಷ್ಟನ್ನು ಹಾಗೆ ಓದೋ ಹಕ್ಕಿಗೆ ಸ್ಕಾಟ್‌ಲೆಂಡಿನವರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಆಮೇಲೆ ಯಾವತ್ತಾದರೂ ಊರಿಗೆ ಹೋದಾಗ ಟೆಟ್ರಾ ಪ್ಯಾಕಿನ ಲೇಬಲ್ಲನ್ನೂ ಒಮ್ಮೆ ಓದಿ ನೋಡಿ. ಕೂಲಿ ಮುಗಿಸಿ ಬಂದವನು ಏನು ಕುಡಿಯುತ್ತಿದ್ದಾನೆ ಅನ್ನೋದಕ್ಕೆ ಅಲ್ಲಿ ಎಷ್ಟು ಸಾಲು ಖರ್ಚು ಮಾಡಿದ್ದಾರೆ ಅಂತ ಎಣಿಸಿ.